ಅಂಗುಳವೋ ಅಂಗಳವೋ

ಗೆಳೆಯರೇ, ಇಂದು ಶಹಾಪುರದಲ್ಲಿ ಹಲ್ಲಿನ ಡಾಕ್ಟರು ನಮ್ಮ ಅತ್ತೆಯ ಹಲ್ಲಿನ ಸೆಟ್ಟು ತೆಗೆದು, ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ಡಾಕ್ಟರು ಮೈಸೂರು ಕಡೆಯವರು.

“ಅಂಗುಳ ಕೆಂಪಾಗಿದೆ ಅಮ್ಮ. ದಿನಾ ಎರಡು ಹೊತ್ತು ತೊಳೀಬೇಕು.”

ಅತ್ತೆ ಬೋಳು ಬಾಯಲ್ಲೇ ನನ್ನ ಕಡೆ ತಿರುಗಿದರು. “ಕೇಳಿದೇನು? ಅಂಗಳ ಎರಡು ಹೊತ್ತು ತೊಳೀಬೇಕಂತ! ನಾ ಹೇಳಿದ್ರ ನೀರಿಲ್ಲ ಅಂತಿದ್ದಿ. ಈಗ ಕಾಲುವಿಗೆ ನೀರು ಬಂದಾವಲ್ಲ?”

ಡಾಕ್ಟರು ತಮ್ಮ ಬಾಯಿ ತೆರೆದು, ಒಳಗೆ ಮೇಲ್ಭಾಗಕ್ಕೆ ಬೆರಳು ತೋರಿಸಿದರು. “ಅಮ್ಮ, ಅಂಗುಳ ಅಂದ್ರೆ ಇದು.”

“ಮ್ಯಾಲಿರೂದು ಅಂಗಳ ಹ್ಯಾಂಗಾಗ್ತದ್ರಿ? ಅದು ಮಾಳಗಿ!”

ಕೊನೆಗೆ ಔಷಧಿ ಅತ್ತೆಗೆ, ಪೊರಕೆ ಸೊಸೆಗೆ. ಈಗಷ್ಟೇ ಅಂಗಳ ತೊಳೆದು ಬಂದು ಇದನ್ನು ಬರೆಯುತ್ತಿದ್ದೇನೆ. ನಾಳೆ ಮಾಳಿಗೆ ತೊಳೆಯಲು ಹತ್ತಿಸುತ್ತಾರೋ ಏನೋ.