ಬಿಸಿಲು ತಿನ್ನುವ ಹೊಗೆ

ಬೆಂಕಿ ಕೈಗೆ ಬಂದ ದಿನವೇ ಮನುಷ್ಯನ ನಾಗರಿಕತೆ ಆರಂಭವಾಯಿತೆಂದು ಬಲ್ಲವರು ಗಂಭೀರವಾಗಿ ಹೇಳುತ್ತಾರೆ. ಕೆಮ್ಮು ಆರಂಭವಾದದ್ದೂ ಅದೇ ದಿನ. ಹೊಗೆ ಬಂದರೆ ನಾವೆಲ್ಲ ಮುಖ ತಿರುಗಿಸುತ್ತೇವೆ. ವಿಶಾಲಾಕ್ಷಿ ಮೇಡಂ ಮಾತ್ರ ಅಳಿಯ ಬಂದಂತೆ ಎದುರು ಹೋಗಿ, ಕಣ್ಣು ಮುಚ್ಚಿ, ಮೂಗು ಅರಳಿಸಿ ನಿಲ್ಲುತ್ತಿದ್ದರು.

ಮೇಡಂ ಧಾರವಾಡದ ಕಡೆಯವರು. ಗಾಳಿಯ ಪರೀಕ್ಷೆ ಅವರ ಉದ್ಯೋಗ. ಬಿಟ್ಟಂಗಾಲದ ನಮ್ಮ ಕಾಫಿ ತೋಟದ ಗೋಡೌನ್ ತಾರಸಿಯ ಮೇಲೆ ಯಂತ್ರವೊಂದನ್ನು ಕೂರಿಸಿದ್ದರು. ಅದು ಹಗಲಿಡೀ ಗಾಳಿ ಹೀರಿ, ಅದರೊಳಗಿನ ಕಣಗಳನ್ನು ಪುಟ್ಟ ಅಕ್ಕಿರೊಟ್ಟಿಯಂಥ ಬಿಳಿ ಫಿಲ್ಟರ್ ಮೇಲೆ ಹಿಡಿದಿಡುತ್ತಿತ್ತು.

"ಎಂಥಕ್ಕೆ ಮೇಡಂ ಇದೆಲ್ಲ?" ಎಂದು ಕೇಳಿದವರು ನಮ್ಮ ರೈಟರ್ ಬೆಳ್ಯಪ್ಪ. ತೋಟದ ಆಳುಕಾಳು, ಹಾಜರಿ, ಮಾನಮರ್ಯಾದೆ ಎಲ್ಲ ಅವರ ಸುಪರ್ದಿ.

"ಲಾರಿ, ಧಗಧಗ ಉರಿಯೋ ಬೆಂಕಿ, ಇವು ಕರೀ ಮಸಿ ಕೊಡ್ತಾವರೀ. ಬಿಸಿ ಸಾಲದ ಹಸೀ ಕಟಗಿ ಕಂದು ಹೊಗಿ ಕೊಡ್ತದ. ಅದೂ ಬಿಸಿಲು ಹೀರಿ ತಿಂತದ. ಆ ಕಂದನ್ನ ಹಿಡೀಲಿಕ್ಕೇ ಬಂದೀನಿ."

"ಅಯ್ಯೋ, ನಾವು ಕಾಫಿ ಒಣಗಿಸೋ ಬಿಸಿಲನ್ನಾ?"

"ಮತ್ತ? ನಿಮ್ಮದೇ ಬಿಸಿಲು."

ಅಂದಿನಿಂದ ಬೆಳ್ಯಪ್ಪ ಹೊಗೆಯನ್ನು ಕಾಫಿ ಕಳ್ಳನಂತೆ ನೋಡತೊಡಗಿದರು.

ಫಿಲ್ಟರನ್ನು ವಿದ್ಯುತ್ ಒಲೆಯೊಂದರಲ್ಲಿಟ್ಟು ಮೆಲ್ಲಗೆ ಬಿಸಿಯೇರಿಸುವುದು ಮೇಡಂರ ಇನ್ನೊಂದು ಹುಚ್ಚು. "ಈ ಕಣಗಳೂ ಮದವಿ ಮನಿ ಮಂದಿ ಇದ್ದಂಗ ನೋಡ್ರಿ. ಸೆಕಿ ಏರಿದ್ರ ಹಗುರ ಮಂದಿ ಮೊದಲ ಎದ್ದು ಹೋಗ್ತಾರ. ಕರ್ರಗ, ಗಟ್ಟಿ ಇದ್ದವ್ರು ಕುಂತೇ ಇರ್ತಾರ," ಎನ್ನುತ್ತ ಅವರು ಯಾಕೋ ನನ್ನನ್ನೇ ನೋಡುತ್ತಿದ್ದರು.

ತೊಂದರೆ ಶುರುವಾದದ್ದು ಬೇಸಿಗೆಯಿಂದ. ಆಳುಗಳ ಲೈನ್‌ಮನೆಗಳಲ್ಲಿ ಒಣಕಟ್ಟಿಗೆ ಚೆನ್ನಾಗಿ ಉರಿದು, ಫಿಲ್ಟರ್ ಬರೀ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಕಂದು ಕಾಣದಿದ್ದರೆ ಕೆಲಸ ನಿಲ್ಲಿಸಿ ಎಂದು ಮೇಡಂರ ಹಿರಿಯ ಪ್ರೊಫೆಸರು ಹೇಳಿ, ಖುದ್ದು ನೋಡಲು ಹೊರಟರು. ಮೇಡಂ ನಮ್ಮ ಮನೆಯ ಹಂದಿಮಾಂಸದ ಪಂದಿಕರಿಯನ್ನು ತಟ್ಟೆಯಲ್ಲೇ ಬಿಟ್ಟೆದ್ದಾಗ ಪರಿಸ್ಥಿತಿ ಗಂಭೀರವೆಂದು ನಮಗೆ ಖಾತ್ರಿಯಾಯಿತು.

ಬೆಳ್ಯಪ್ಪನವರಿಗೆ ಅರ್ಥವಾದದ್ದು ಇಷ್ಟು: ಹೊಗೆ ಪರೀಕ್ಷಿಸಲು ದೊಡ್ಡವರು ಬರುತ್ತಿದ್ದಾರೆ. ಬೆಳಿಗ್ಗೆಯೇ ಲೈನ್ ಮುಂದೆ ನಿಂತು ಗರ್ಜಿಸಿದರು: "ಸಾಹೇಬ್ರು ಬರ್ತಾ ಇದ್ದಾರೆ. ನಮ್ಮ ಎಸ್ಟೇಟಲ್ಲಿ ಒಂದೆಳೆ ಹೊಗೆ ಕಾಣಬಾರ್ದು! ಒಲೆಗೆಲ್ಲ ನೀರು ಹೊಯ್ಯಿ!"

ಹೊಯ್ದರು. ಅಡುಗೆ ಒಲೆಗೆ, ಬಚ್ಚಲ ಒಲೆಗೆ, ಕಾಫಿ ಬೊಡ್ಡೆ ಉರಿಯುತ್ತಿದ್ದ ಗುಂಡಿಗೆ. ಚುಯ್ಯೆಂದ ಕಟ್ಟಿಗೆ ಆರಲೂ ಇಲ್ಲ, ಉರಿಯಲೂ ಇಲ್ಲ; ಮಧ್ಯಾಹ್ನದವರೆಗೆ ಸುರುಳಿ ಸುರುಳಿ ಹೊಗೆಯುಗುಳಿತು. ಪ್ರೊಫೆಸರು ಕೆಮ್ಮುತ್ತಲೇ ಜೀಪಿಳಿದರು. ಸ್ವಾಗತಕ್ಕೆ ಹಾರ ಹಿಡಿದು ನಿಂತಿದ್ದ ಬೆಳ್ಯಪ್ಪ ಪ್ರೊಫೆಸರ ಕಣ್ಣಿಗೆ ಬೀಳಲಿಲ್ಲ.

"ಮಾನ ಹೋಯ್ತು ಸಾರ್," ಎಂದು ಹೊಗೆಯೊಳಗಿನಿಂದ ಬೆಳ್ಯಪ್ಪನವರ ದನಿ ಮಾತ್ರ ಕೇಳಿತು.

ಅಷ್ಟರಲ್ಲಿ ಮೇಡಂ ತಾರಸಿಯಿಂದ ದಡದಡನೆ ಇಳಿದು ಬಂದರು. ಕೈಯಲ್ಲಿ ಬೆಲ್ಲದ ಕಾಫಿ ಚೆಲ್ಲಿದಂಥ ಕಂದು ಫಿಲ್ಟರ್! "ಬೆಂಕಿ ತಣ್ಣಗಾತು, ಬಣ್ಣ ಬಂತು! ರೈಟರ್ ಸಾಹೇಬ್ರ, ನಿಮ್ಮ ಕೈಗೆ ಬಂಗಾರದ ಬಳಿ ಹಾಕಬೇಕ್ರೀ!" ಎಂದು ಬೆಳ್ಯಪ್ಪನವರ ಎರಡೂ ಕೈ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿಸಿದರು. ಹಾರ ಬೆಳ್ಯಪ್ಪನವರ ಕೊರಳಿಗೇ ಬಿತ್ತು.

ಪ್ರೊಫೆಸರು ಕಣ್ಣೊರೆಸಿಕೊಂಡು, "ಒಮ್ಮೆ ಆದ್ರೆ ಸಾಲದು. ಬೇಕಂತ ಮಾಡಿ ತೋರಿಸಿ," ಎಂದರು. ಮರುದಿನ ಒಂದೇ ಮರದ ಕಟ್ಟಿಗೆಯನ್ನು ಎರಡು ಒಲೆಗಿಟ್ಟೆವು. ಒಂದನ್ನು ಉರಿಯಬಿಟ್ಟೆವು, ಇನ್ನೊಂದಕ್ಕೆ ಬೆಳ್ಯಪ್ಪ ಅಭಿಷೇಕದ ಗಾಂಭೀರ್ಯದಿಂದ ಚೊಂಬಿನಲ್ಲಿ ನೀರು ಬಿಟ್ಟರು. ಒಂದು ಫಿಲ್ಟರ್ ಕಪ್ಪಾಯಿತು, ಇನ್ನೊಂದು ಕಂದಾಯಿತು.

ಮಳೆ ಹಿಡಿಯುವ ಮುಂಚೆ ಮೇಡಂ ಯಂತ್ರ ಬಿಚ್ಚಿಸಿ ಬಯಲುಸೀಮೆಗೆ ಹೊರಟರು. ಅಲ್ಲಿನ ಒಲೆಗಳ ಹೊಗೆ ಹಿಡಿಯಲು ಅವರ ಕೆಲಸಕ್ಕೆ ಇನ್ನೆರಡು ವರ್ಷದ ಒಪ್ಪಿಗೆ ಸಿಕ್ಕಿತ್ತು. ಅವರು ಮತ್ತೆ ಬಿಟ್ಟಂಗಾಲಕ್ಕೆ ಬರಲಿಲ್ಲ.