‘ಲಿಂ.’ ಕೆರೆದು ತೆಗೆದ ರತ್ನಾಬಾಯಿ

ಬನಹಟ್ಟಿಯಲ್ಲಿ ಛಾಪಖಾನೆ ನಡೆಸುತ್ತಿದ್ದ ರತ್ನಾಬಾಯಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಗಂಡ ತೀರಿಕೊಂಡಾಗ ಮಷಿನ್ ಮಾರಿ ತವರಿಗೆ ಹೋಗು ಅಂದವರೇ ಹೆಚ್ಚು. ಆಕೆ ಹೋಗಲಿಲ್ಲ. ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತಳು. ಸುತ್ತಲಿನ ಊರುಗಳ ಲಗ್ನಪತ್ರಿಕೆಗಳೆಲ್ಲ ಆಕೆಯ ಕೈಯಿಂದಲೇ ಹೊರಡತೊಡಗಿದವು.

ಎಪ್ಪತ್ತೆಂಟನೇ ಇಸವಿಯಲ್ಲಿ ರಬಕವಿಯ ನಮ್ಮ ಮನೆಯಲ್ಲಿ ಅಣ್ಣನ ಮಗಳು ಶೇವಂತಿಯ ಲಗ್ನ. ನಮ್ಮ ಕಡೆ ಪತ್ರಿಕೆಯಲ್ಲಿ ಮನೆತನದ ಹಿರಿಯರ ಹೆಸರು ಮೊದಲು ಬರಬೇಕು. ತೀರಿಕೊಂಡವರಿದ್ದರೆ ಹೆಸರಿನ ಹಿಂದೆ ‘ಲಿಂ.’ ಎಂದು ಹಾಕುತ್ತಾರೆ, ಲಿಂಗೈಕ್ಯರಾದವರು ಎಂದು. ರತ್ನಾಬಾಯಿ ಬೇರೊಂದು ಮನೆಯ ಪತ್ರಿಕೆಗೆ ಜೋಡಿಸಿದ್ದ ಮೊಳೆಗಳನ್ನು ಪೂರ್ತಿ ಬಿಚ್ಚದೆ, ಹೆಸರುಗಳನ್ನಷ್ಟೇ ಬದಲಿಸಿದ್ದಳು. ಆ ಮನೆಯ ಅಜ್ಜನ ‘ಲಿಂ.’ ಹಾಗೇ ಉಳಿದು ನನ್ನಪ್ಪ ಅಂದಾನೆಪ್ಪನಿಗೆ ಅಂಟಿಕೊಂಡಿತು. ಅಪ್ಪನೋ, ದಿನಾ ಮುಂಜಾನೆ ರೊಟ್ಟಿ ಉಂಡು ಹೊಲಕ್ಕೆ ನಡೆದು ಹೋಗುವ ಗಟ್ಟಿ ಆಳು!

ನಮ್ಮಲ್ಲಿ ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ. ಪತ್ರಿಕೆ ಹಂಚಿ ಮುಗಿದ ಮೇಲೆ ಅಪ್ಪ ಕನ್ನಡಕ ಏರಿಸಿ ಓದಿದ. ಓದಿ, ಪತ್ರಿಕೆಯನ್ನು ಕಿಸೆಗೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟ.

“ಸತ್ತಾಂವ ಹಂದರದಾಗ ಹೆಂಗ ಕೂಡ್ಲಿ? ನೀವ ಮಾಡ್ಕೋರಿ ಲಗ್ನ. ನಾ ಬರಾಂಗಿಲ್ಲ.”

ಅಜ್ಜ ಅಕ್ಕಿಕಾಳು ಹಾಕದಿದ್ದರೆ ಬಾಸಿಂಗ ಕಟ್ಟಿಕೊಳ್ಳುವುದೇ ಇಲ್ಲ ಎಂದು ಶೇವಂತಿ ಅಳುತ್ತ ಕುಳಿತಳು. ನಾನು ಛಾಪಖಾನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ರತ್ನಾಬಾಯಿ ಮಷಿನ್ ನಿಲ್ಲಿಸಿ ಕೈಯ ಮಸಿ ಒರೆಸಿಕೊಂಡಳು.

“ತಪ್ಪ ನಂದ ಐತ್ರಿ. ಯಾರ್ ಯಾರ ಮನಿಗೆ ಕೊಟ್ಟೀರಿ, ಹೇಳ್ರಿ.”

“ಹೊಸಾವು ಹೊಡದು ಕೊಡ್ರಿ, ಸಾಕು!”

“ಹೊಸಾವು ಕೊಟ್ರ ಹಳೇವು ಮನ್ಯಾಗ ಉಳೀತಾವ್ರಿ. ಓದಿದವ್ರ ಮನಸಿನ್ಯಾಗೂ ಉಳೀತೈತಿ. ನಾನ ಹೋಗಿ ಹೇಳ್ಬೇಕು.”

ಛಾಪಖಾನೆಗೆ ಕೀಲಿ ಹಾಕಿದಳು. ಚೀಲದಲ್ಲಿ ಬ್ಲೇಡು, ಮಸಿ ಪೆನ್ನು. ದಾರಿ ತೋರಿಸಲು ನಾನು. ತೇರದಾಳ, ಚಿಮ್ಮಡ, ಮುಧೋಳ ಅಂತ ಬಸ್ಸು ಹತ್ತಿ ಇಳಿದೆವು. ಹೋದ ಮನೆಯಲ್ಲೆಲ್ಲ ಪತ್ರಿಕೆ ಇಸಿದುಕೊಂಡು, ಕಾಗದ ಹರಿಯದಂತೆ ‘ಲಿಂ.’ ಕೆರೆದು, ಆ ಜಾಗದಲ್ಲಿ ದುಂಡಗೆ ‘ಶ್ರೀ’ ಬರೆದಳು. “ಅಜ್ಜಾರು ಗಟ್ಟಿ ಅದಾರ್ರಿ. ತಪ್ಪು ನಂದು. ಲಗ್ನಕ್ಕ ಬಂದು ಅವರನ್ನ ಮಾತಾಡ್ಸ್ರಿ,” ಎಂದು ಹೇಳಿಯೇ ಎದ್ದಳು.

ಮುಧೋಳದಲ್ಲಿ ನಮ್ಮ ಬೀಗರ ಪೈಕಿ ಈರಪ್ಪ ಎಲ್ಲರೆದುರು ನಕ್ಕ. “ಏನ್ ಬಾಯಾರ, ಸತ್ತವ್ರನ್ನ ಎಬ್ಬಸಾಕ ಬಂದೀರೇನು?”

“ಹೌದ್ರಿ, ಅದಕ್ಕ ಬಂದೀನಿ,” ಎಂದು ಆಕೆಯೂ ನಕ್ಕು ಕೆರೆಯುತ್ತಲೇ ಇದ್ದಳು. ಅವಳ ಜಾಗದಲ್ಲಿ ನಾನಿದ್ದರೆ ಬ್ಲೇಡು ಬಿಸಾಕಿ ಎದ್ದು ಬರುತ್ತಿದ್ದೆ. ನನ್ನ ಸಿಟ್ಟೆಲ್ಲ ಇಳಿದದ್ದು ಅಲ್ಲೇ.

ಎಲ್ಲ ಮುಗಿಸಿ ರಬಕವಿಗೆ ಬಂದಾಗಲೂ ಅಪ್ಪ ಕಟ್ಟೆಯ ಮೇಲೇ ಇದ್ದ. ರತ್ನಾಬಾಯಿ ಹೋಗಿ ಎದುರು ನಿಂತಳು.

“ಕಾಕಾರ, ಎಲ್ಲಾ ತಿದ್ದಿ ಬಂದೀನ್ರಿ. ನಿಮ್ಮ ಕಿಸೇದಾಗಿಂದೊಂದು ಉಳದೈತಿ. ಕೊಡ್ರಿ.”

ಅಪ್ಪ ಆಕೆಯ ಧೂಳು ಮೆತ್ತಿದ ಕಾಲುಗಳನ್ನು ನೋಡಿದ. “ಇದೊಂದು ಇರ್ಲಿ ಬಿಡವಾ. ಮುಂದ ಹೆಂಗೂ ಬೇಕಾಕ್ಕೈತಿ.”

ಆಕೆ ನಗಲಿಲ್ಲ. “ನಮ್ಮನ್ಯಾವರ ಪುಣ್ಯತಿಥಿ ಪತ್ರಿಕ್ಯಾಗ ಅವರ ಹೆಸರಿನ ಹಿಂದ ನನ್ನ ಕೈಯಾರೆ ‘ಲಿಂ.’ ಜೋಡ್ಸೀನ್ರಿ ಕಾಕಾ. ಅದನ್ನ ಕೆರ‍್ಯಾಕ ಬರಲಿಲ್ಲ. ಇದನ್ನ ಕೆರ‍್ಯಾಕ ಬರ್ತೈತಿ. ಕೊಡ್ರಿ.”

ಅಪ್ಪ ಪತ್ರಿಕೆ ತೆಗೆದು ಆಕೆಯ ಕೈಯಲ್ಲಿಟ್ಟ. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದ.

“ಏ ಶೇವಂತಿ! ಲಗ್ನಕ್ಕ ನನ್ನ ತಲಿ ರುಮಾಲ ಒಗದು ಇಟ್ಟೀರೋ ಇಲ್ಲೋ?”