ಪಾಲುಪತ್ರ ಬರೆದ ಆಚಾರ್ರು

ಕಾಗದ ಓದುವಾಗ ಟ್ಯಾಕ್ಸ್ ಆಚಾರ್ರ ಬಲಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು, ಹಣೆಯ ಅಂಗಾರದ ಗೀಟು ವಾರೆಯಾಗುತ್ತಿತ್ತು. ಎದುರು ಕೂತವರನ್ನೂ ಅವರು ಹಾಗೇ ನೋಡುತ್ತಿದ್ದರು. ನನಗಂತೂ ಮೊದಲ ದಿನವೇ ಆ ಮನುಷ್ಯ ಸರಿಬರಲಿಲ್ಲ.

ಸಂಡೂರಿನ ಅದಿರಿಗೆ ಕಂಡಕಂಡವರೆಲ್ಲ ಲಾರಿ ಬಿಡುತ್ತಿದ್ದ ಕಾಲ. ನನ್ನ ತವರಿನ ಬಂಗಾರ ಮಾರಿ, ಮೇಲಿಷ್ಟು ಸೇರಿಸಿ ನಾವೂ ಒಂದು ತಂದೆವು. ತೆರಿಗೆಗೆ ಯಾರ ಹೆಸರಲ್ಲಿ ತೋರಿಸುವುದೆಂದು ಕೇಳಲು ಹೊಸಪೇಟೆಯ ಅವರ ಕೋಣೆಗೆ ಹೋದೆವು.

"ಎಲ್ಲಾ ನನ್ನ ಹೆಸರಿಗೇ ಇರ್ಲಿ ಬಿಡ್ರಿ," ಅಂದರು ನಮ್ಮ ಮನೆಯವರು.

ಆಚಾರ್ರು ನನ್ನ ಕಡೆ ತಿರುಗಿ, "ಬಂಗಾರ ಯಾರು ಹಾಕಿದ್ದಮ್ಮ? ತವರಿನವರೋ, ಇವರೋ?" ಎಂದರು.

ಮೈ ಉರಿಯಿತು. ನನ್ನ ಬಂಗಾರದ ಉಸಾಬರಿ ಇವರಿಗೇಕೆ? "ತವರಿಂದು," ಎಂದಷ್ಟೇ ಹೇಳಿ ಮುಖ ತಿರುಗಿಸಿದೆ.

"ಹಂಗಾರ ಪಾಲುಪತ್ರ ಮಾಡೋಣು. ನಾಳೆ ಇಬ್ಬರೂ ಬರ್ರಿ."

ನಮ್ಮ ಗಾದಿಗನೂರಿನಲ್ಲಿ ಪಾಲುಪತ್ರವೆಂದರೆ ಅಣ್ಣತಮ್ಮಂದಿರು ಬೇರೆಯಾಗುವಾಗ ಬರೆಯುವುದು. ನಮ್ಮ ಮನೆಯವರು ನನ್ನನ್ನು ಬಿಡುತ್ತಾರೆ, ಈ ಮುದುಕ ದಾರಿ ಮಾಡಿಕೊಡುತ್ತಿದ್ದಾನೆ ಎಂದೇ ತಿಳಿದೆ. ಮರುದಿನ ಪೆನ್ನು ಕೊಟ್ಟರೆ ಕೈ ಚಾಚಲಿಲ್ಲ.

"ನಾ ಬ್ಯಾರೆ ಆಗಂಗಿಲ್ರಿ. ನನ್ನ ಬಂಗಾರ ನನಗ ಕೊಡಸ್ರಿ."

ಮನೆಯವರು ಕಕ್ಕಾಬಿಕ್ಕಿಯಾದರು. ಆಚಾರ್ರು ನಗಲಿಲ್ಲ.

"ಇದು ಒಡಿಯೋ ಪತ್ರ ಅಲ್ಲಮ್ಮ, ಕೂಡೋ ಪತ್ರ. ಗಂಡ ಹೆಂಡತಿ ಇಬ್ಬರೂ ಪಾಲುದಾರರು. ನೀ ಹಾಕಿದ ಬಂಡವಾಳಕ್ಕ ಬರೋ ಬಡ್ಡಿ ನಿನ್ನ ಲೆಕ್ಕಕ್ಕ ಹೋದ್ರ ತೆರಿಗಿ ಹಗುರಾಗ್ತದ. ಗಂಡ ಕೊಟ್ಟ ರೊಕ್ಕ ಆಗಿದ್ರ ತೆರಿಗಿಯವರು ಆ ಬಡ್ಡಿನೂ ಅವನ ತಲಿಗೇ ಕಟ್ತಾರ. ಅದಕ್ಕ ಬಂಗಾರ ಯಾರದಂತ ಕೇಳಿದೆ."

ಆದರೂ ನಂಬಿಕೆ ಬರಲಿಲ್ಲ. ಮೂರು ಸಲ ಓದಿಸಿದೆ. ಬೇಸರಿಸದೆ ಓದಿದರು.

"ಹಿಂಗೇ ಓದಿಸ್ಬೇಕು. ನನ್ನೂ ನಂಬಬ್ಯಾಡ," ಎಂದು, ಕೊನೆಗೆ ತಾವೇ ಒಂದು ಸಾಲು ಸೇರಿಸಿದರು: ಇಬ್ಬರ ಸಹಿಯಿಲ್ಲದೆ ಲಾರಿ ಮಾರುವಂತಿಲ್ಲ. ಸಹಿ ಹಾಕಿದೆನಾದರೂ, ಇದರಲ್ಲೇನು ಮಸಲತ್ತೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಎರಡು ವರ್ಷದ ಮೇಲೆ ಯಾರೋ ಒಬ್ಬ ಗಣಿಯಲ್ಲಿ ಪಾಲು ಕೊಡಿಸುತ್ತೇನೆಂದು ಮನೆಯವರ ತಲೆ ಕೆಡಿಸಿದ. ಲಾರಿ ಮಾರಲು ಹೊರಟರು. ನಾನು ಸಹಿ ಹಾಕಲಿಲ್ಲ. ಹದಿನೈದು ದಿನ ಮನೆಯಲ್ಲಿ ಮಾತಿಲ್ಲ. ಅಷ್ಟರಲ್ಲಿ ಆ ಮನುಷ್ಯ ಊರವರ ದುಡ್ಡು ಎತ್ತಿಕೊಂಡು ಪರಾರಿಯಾದ.

ಆಚಾರ್ರಿಗೆ ಹೇಳಿ ಬರೋಣವೆಂದು ಮನೆಯವರೇ ಕರೆದುಕೊಂಡು ಹೋದರು. ಕೋಣೆಗೆ ಬೀಗ. ತೀರಿಕೊಂಡು ತಿಂಗಳಾಗಿತ್ತಂತೆ.

ಅವರನ್ನು ಕಳ್ಳನೆಂದುಕೊಂಡಿದ್ದೆ. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಪರವಾಗಿ ಆ ಸಾಲು ಬರೆದರು.